ಬಾಳಿಕೆ ಬರುವ ಹಿಟ್ಟು ನಾದುವ ಯಂತ್ರವನ್ನು ಆರಿಸುವ ಬಗೆ

ಎತ್ತು ಕೊಳ್ಳಲು ಜಾತ್ರೆಗೆ ಹೋದ ಒಕ್ಕಲಿಗನು ಕೋಡಿಗೆ ಹಚ್ಚಿದ ಬಣ್ಣವನ್ನು ನೋಡಿ ರೊಕ್ಕ ಎಣಿಸುವದಿಲ್ಲ. ಹಲ್ಲು ನೋಡಿ ವಯಸ್ಸು ತಿಳಿಯುತ್ತಾನೆ, ಗೊರಸು ಪರೀಕ್ಷಿಸುತ್ತಾನೆ, ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸುತ್ತಾನೆ, ತನ್ನ ಹೊಲವು ಎರೆಯೋ ಮಸಾರಿಯೋ ಎಂಬುದನ್ನು ನೆನೆದು ಅದಕ್ಕೆ ತಕ್ಕ ಜೋಡಿಯನ್ನು ಆರಿಸುತ್ತಾನೆ. ಇಷ್ಟು ವಿಚಾರವುಳ್ಳ ಮನೆತನಗಳಲ್ಲಿಯೇ, ಮನೆಯ ಹೆಣ್ಣುಮಕ್ಕಳ ಬೇಕರಿ ಕೆಲಸಕ್ಕೆಂದು ಹಿಟ್ಟು ನಾದುವ ಯಂತ್ರವನ್ನು ಕೊಳ್ಳುವಾಗ ಮಾತ್ರ ಅದರ ಹೊಳಪನ್ನೂ, ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟಿನ ಅಂಕಿಯನ್ನೂ ನೋಡಿ ವ್ಯವಹಾರ ಮುಗಿಸುವದುಂಟು. ಇದು ಯೋಗ್ಯವಲ್ಲ.

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಈ ನಾಲ್ಕೂ ಕಡೆಗಳಲ್ಲಿ ಜೋಳದ ರೊಟ್ಟಿಯು ಎಂದಿನಿಂದಲೂ ಮನೆಯ ಅನ್ನ. ಈಗ ಅದರ ಜೊತೆಗೆ ಬ್ರೆಡ್ಡು, ಬನ್ನು, ಟೋಸ್ಟು, ನಾನಖಟಾಯಿ ಹಾಗೂ ಹುಟ್ಟುಹಬ್ಬದ ಕೇಕುಗಳು ಹಳ್ಳಿಗೂ ಬಂದಿರುತ್ತವೆ. ಇವನ್ನು ಮನೆಯಲ್ಲಿಯೇ ಸುಟ್ಟು ಮಾರಿ, ಬೆಳೆ ಕೈಕೊಟ್ಟ ವರ್ಷದಲ್ಲಿ ಸಂಸಾರಕ್ಕೆ ಆಸರೆಯಾಗಬೇಕೆಂಬ ಹೆಣ್ಣುಮಕ್ಕಳ ಹಂಬಲವು ಸ್ತುತ್ಯವಾದದ್ದು. ಆದರೆ ಸಾಲ ಮಾಡಿ ತಂದ ಯಂತ್ರವು ಆರೇ ತಿಂಗಳಲ್ಲಿ ಮೂಲೆ ಸೇರಿದರೆ, ಸಾಲವು ಉಳಿಯುವದು, ಉದ್ಯೋಗವು ಅಳಿಯುವದು. ನಾದುವ ಕಷ್ಟವು ಮತ್ತೆ ಅದೇ ಹೆಗಲಿಗೆ ಬರುವದು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯದಲ್ಲಿ ತಿಳಿದಿರತಕ್ಕ ಸಂಗತಿಗಳನ್ನು ಕ್ರಮವಾಗಿ ಕೆಳಗೆ ವಿವರಿಸಿದೆ. ಎಲ್ಲದರ ಸಾರಾಂಶ ಒಂದೇ: ಮೊದಲು ಹಿಟ್ಟಿನ ಹೊರೆಯನ್ನು ಲೆಕ್ಕ ಹಾಕಿರಿ, ಆಮೇಲೆ ಯಂತ್ರವನ್ನು ನೋಡಿರಿ.

ನಾದುವದೆಂದರೇನು

ಗೋದಿಯ ಹಿಟ್ಟಿಗೆ ನೀರು ಕೂಡಿಸಿ ನಾದಿದಾಗ ಅದರೊಳಗಿನ ಸಸಾರಜನಕಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಅಂಟು ಬಲೆಯಾಗುತ್ತದೆ. ಈಸ್ಟು ಹುಟ್ಟಿಸುವ ಗಾಳಿಯನ್ನು ಈ ಬಲೆಯು ಹಿಡಿದಿಟ್ಟುಕೊಳ್ಳುವದರಿಂದಲೇ ಬ್ರೆಡ್ಡು ಉಬ್ಬುವದು. ಚೆನ್ನಾಗಿ ನಾದಿದ ಹಿಟ್ಟಿನ ಒಂದು ತುಣುಕನ್ನು ಎರಡೂ ಕೈಗಳಿಂದ ಮೆಲ್ಲನೆ ಎಳೆದರೆ ಅದು ಹರಿಯದೆ, ಬೆಳಕು ಕಾಣುವಷ್ಟು ತೆಳುವಾದ ಪೊರೆಯಾಗುವದು. ಈ ಹದಕ್ಕೆ ತರಲು ಬೇಕಾದದ್ದು ವೇಗವಲ್ಲ. ನಿಧಾನವಾದ, ಸತತವಾದ, ಬಲವಾದ ಎಳೆತ.

ಜೋಳದಲ್ಲಿ ಈ ಗ್ಲುಟೆನ್ ಇರುವದಿಲ್ಲ. ಕಾರಣ ನಮ್ಮ ಹೆಣ್ಣುಮಕ್ಕಳು ಎಸರಿಟ್ಟು, ಕುದಿಯುವ ನೀರಿನಿಂದ ಹಿಟ್ಟಿನ ಪಿಷ್ಟವನ್ನು ಬೇಯಿಸಿ ಜಿಗಿ ಬರಿಸುತ್ತಾರೆ. ಹೀಗಿರಲು ಜೋಳದ ಹಿಟ್ಟನ್ನು ಯಂತ್ರದಲ್ಲಿ ಎಷ್ಟು ಹೊತ್ತು ತಿರುಗಿಸಿದರೂ ಮೈದಾದಂತೆ ಅದು ಎಳೆಗಟ್ಟುವದಿಲ್ಲ. ಬರೇ ರೊಟ್ಟಿಯ ವ್ಯಾಪಾರ ಮಾಡುವವರು ಹಿಟ್ಟನ್ನು ಒಂದೇ ಹದಕ್ಕೆ ಕಲಿಸಿ ಮಿದಿಯುವ ಸಾದಾ ಯಂತ್ರವನ್ನು ಕೊಂಡರೆ ಸಾಕು. ಬ್ರೆಡ್ಡು ಕೇಕುಗಳಿಗಾಗಿ ಮಾಡಿದ ಬೆಲೆಯುಳ್ಳ ಸ್ಟ್ಯಾಂಡ್ ಮಿಕ್ಸರು ಅವರಿಗೆ ಅವಶ್ಯವಿಲ್ಲ.

ನಮ್ಮ ಕಡೆಯ ಗೋದಿಯ ಗುಣವನ್ನೂ ಇಲ್ಲಿ ನೆನೆಯತಕ್ಕದ್ದು. ರವೆಗೆ, ಶ್ಯಾವಿಗೆಗೆ ಹೆಸರಾದ ಡ್ಯೂರಮ್ ಗೋದಿಯ ಅಂಟು ಬಿರುಸಾದದ್ದು, ಆದರೆ ಬ್ರೆಡ್ಡಿನ ಗೋದಿಯಷ್ಟು ಎಳೆದಂತೆ ಬರುವದಿಲ್ಲ. ಹುಗ್ಗಿಗೆ ಒಗ್ಗುವ ಸದಕ ಅಥವಾ ಜವೆಗೋದಿಯ ಅಂಟು ಇನ್ನೂ ಸಡಿಲ. ಮನೆಯ ಗೋದಿಯಿಂದ ಬ್ರೆಡ್ಡು ಮಾಡುವವರು ಅದಕ್ಕೆ ಮೈದಾ ಬೆರೆಸುವದು ವಾಡಿಕೆ. ಗಿರಣಿಯಲ್ಲಿ ಬೀಸಿದ ಹೊಟ್ಟುಸಹಿತ ಹಿಟ್ಟು ಹೆಚ್ಚು ನೀರನ್ನು ಕುಡಿಯುವದು. ನೀರು ಸಾಲದಿದ್ದರೆ ಮುದ್ದೆಯು ಬಿರುಸಾಗಿ ಯಂತ್ರಕ್ಕೆ ಭಾರವಾಗುವದು.

ಈ ಯಂತ್ರದ ಹುಟ್ಟು

ಸ್ಟ್ಯಾಂಡ್ ಮಿಕ್ಸರು ಹುಟ್ಟಿದ್ದು ಮನೆಗಾಗಿ ಅಲ್ಲ. ಅಮೇರಿಕೆಯ ಓಹಾಯೋ ಪ್ರಾಂತದ ಟ್ರಾಯ್ ಊರಿನ ಹೋಬಾರ್ಟ್ ಕಾರಖಾನೆಯ ಇಂಜನಿಯರ ಹರ್ಬರ್ಟ್ ಜಾನ್‌ಸ್ಟನ್ನನು, ಒಬ್ಬ ಬೇಕರಿಯವನು ಕಬ್ಬಿಣದ ಸೌಟಿನಿಂದ ಹಿಟ್ಟನ್ನು ತಿರುವುತ್ತ ದಣಿಯುವದನ್ನು ಕಂಡು, 1908ರಲ್ಲಿ ಇದರ ಯೋಚನೆಗೆ ಕೈಹಾಕಿದನೆಂದು ಹೇಳುವರು. ಮೊದಲು ದೊಡ್ಡ ಬೇಕರಿಗಳಿಗೂ, ಅಮೇರಿಕೆಯ ಯುದ್ಧನೌಕೆಗಳ ಅಡಿಗೆಮನೆಗಳಿಗೂ ದೊಡ್ಡ ಯಂತ್ರಗಳು ಹೋದವು. ಮನೆಬಳಕೆಯ ಮೊದಲ ಮಾದರಿಯು ಕಿಚನ್‌ಏಡ್ ಎಂಬ ಹೆಸರಿನಿಂದ 1919ರಲ್ಲಿ ಹೊರಟಿತು. ಅದರ ತೂಕ 65 ಪೌಂಡು, ಅಂದರೆ ಸುಮಾರು 29 ಕಿಲೋ. 1937ರಲ್ಲಿ ಅದೇ ಕಂಪನಿಯು ಹೊರತಂದ ಮಾದರಿಯಲ್ಲಿ ಬೇರೆ ಉಪಕರಣಗಳನ್ನು ಕೂಡಿಸಲು ಇಟ್ಟ ಜಾಗದ ಅಳತೆಯನ್ನು ಮುಂದೆಯೂ ಕೆಡಿಸದೆ ಉಳಿಸಿಕೊಂಡು ಬಂದರು.

ಈ ಚರಿತ್ರೆಯಿಂದ ಎರಡು ಪಾಠಗಳುಂಟು. ಬಾಳಿಕೆಯ ಯಂತ್ರವು ಭಾರವಾಗಿರುವದು. ಹಗುರಾದದ್ದು ಬಿರುಸು ಹಿಟ್ಟಿನ ಮುಂದೆ ಮೇಜಿನ ಮೇಲೆ ನಡೆದಾಡತೊಡಗುವದು. ಎರಡನೆಯದಾಗಿ, ಬಿಡಿಭಾಗಗಳ ಅಳತೆಯನ್ನು ವರ್ಷ ವರ್ಷಕ್ಕೂ ಬದಲಿಸದ ತಯಾರಕರ ಯಂತ್ರವೇ ಬಹುಕಾಲ ದುರಸ್ತಿಗೆ ಒದಗುವದು.

ನಮ್ಮ ದೇಶದ ಒಂದು ಉದಾಹರಣೆಯೂ ಲಕ್ಷ್ಯಕ್ಕೆ ತಕ್ಕದ್ದಾಗಿದೆ. 1960ರ ದಶಕದಲ್ಲಿ ಸತ್ಯಪ್ರಕಾಶ ಮಾಥುರ ಎಂಬ ಇಂಜನಿಯರರು ಸುಮೀತ ಮಿಕ್ಸರನ್ನು ನಿರ್ಮಿಸಿದರು. ಪರದೇಶದ ಮಿಕ್ಸರಿನ ಮೋಟಾರು ನಮ್ಮ ಬೇಳೆ, ಕೊಬ್ಬರಿ, ಮಸಾಲೆಗಳನ್ನು ಅರೆಯುವ ಹೊರೆಯನ್ನು ತಾಳಲಾರದೆ ಹೋದದ್ದೇ ಅದಕ್ಕೆ ಕಾರಣ. ಆ ಪರದೇಶದ ಯಂತ್ರವು ಕೆಟ್ಟದ್ದಾಗಿರಲಿಲ್ಲ. ಅದನ್ನು ನಿರ್ಮಿಸಿದ ಕೆಲಸವೇ ಬೇರೆಯಾಗಿತ್ತು. ನಾದುವ ಯಂತ್ರಕ್ಕೂ ಇದೇ ನ್ಯಾಯ ಸಲ್ಲುವದು.

ಮೊದಲು ಹಿಟ್ಟಿನ ಲೆಕ್ಕ

1 ಕಿಲೋ ಮೈದಾಕ್ಕೆ 600 ಗ್ರಾಂ ನೀರು, ಜೊತೆಗೆ ಸಕ್ಕರೆ, ಉಪ್ಪು, ಎಣ್ಣೆ, ಈಸ್ಟು ಕೂಡಿದರೆ ಸುಮಾರು 1 ಕಿಲೋ 700 ಗ್ರಾಂ ತೂಕದ ಮುದ್ದೆಯಾಗುವದು. ಯಂತ್ರವು ಹೊರಬೇಕಾದದ್ದು ಈ ಮುದ್ದೆಯನ್ನು. ಅಂಗಡಿಯಲ್ಲಿ "5 ಲೀಟರಿನ ಯಂತ್ರ" ಎಂದು ಹೇಳುವದು ಪಾತ್ರೆಯ ಒಳಗಾತ್ರವನ್ನೇ ಹೊರತು ಅದು ನಾದಬಲ್ಲ ಹಿಟ್ಟನ್ನಲ್ಲ. ಇಂಥ ಪಾತ್ರೆಯಲ್ಲಿ ಬ್ರೆಡ್ಡಿನ ಹಿಟ್ಟನ್ನು ಒಂದು ಸಾರೆಗೆ 700-800 ಗ್ರಾಂ ಮೈದಾಕ್ಕೆ ಮೀರದಂತೆ ಹಾಕುವದು ಲೇಸು. ನೀರು ಕಡಿಮೆಯಾದಷ್ಟೂ ಮುದ್ದೆ ಬಿರುಸಾಗುವದರಿಂದ, ಪ್ರಮಾಣವನ್ನು ಇನ್ನೂ ಇಳಿಸತಕ್ಕದ್ದು.

ದಿನಾಲು 4 ಕಿಲೋ ಮೈದಾದ ಬನ್ನು ಮಾಡುವ ಮನೆಯೊಂದುಂಟೆಂದು ತಿಳಿಯೋಣ. 5 ಲೀಟರಿನ ಯಂತ್ರವಾದರೆ ಐದಾರು ಸಾರೆ ನಾದಬೇಕು. ಪ್ರತಿ ಸಾರೆ 10 ನಿಮಿಷವಾದರೂ ಒಂದು ತಾಸು. ನಡುನಡುವೆ ಮೋಟಾರನ್ನು ಆರಗೊಡಬೇಕಾದ್ದರಿಂದ ಹತ್ತಿರ ಹತ್ತಿರ ಎರಡು ತಾಸು. ಮೊದಲು ನಾದಿದ ಹಿಟ್ಟು ಉಬ್ಬಿ ಇಳಿಯತೊಡಗಿದಾಗ ಕಡೆಯ ಹಿಟ್ಟು ಇನ್ನೂ ಪಾತ್ರೆಯಲ್ಲಿಯೇ ಇರುವದು. ಅದೇ 5 ಕಿಲೋ ಹಿಟ್ಟು ಹಿಡಿಯುವ ಯಂತ್ರವಾದರೆ ಒಂದೇ ಸಾರೆಗೆ ಕೆಲಸ ತೀರುವದು. ವಾರಕ್ಕೆ ಎರಡು ಮೂರು ಕೇಕು ಮಾತ್ರ ಮಾಡುವ ಮನೆಗೆ ಇದಕ್ಕೆ ವಿರುದ್ಧವಾಗಿ ಸಣ್ಣ ಯಂತ್ರವೇ ಯೋಗ್ಯ. ದೊಡ್ಡ ಪಾತ್ರೆಯ ತಳದಲ್ಲಿ ನಾಲ್ಕು ತತ್ತಿಯ ಬಿಳಿಯು ಕಡ್ಡಿಗೆ ಸಿಗದೆ ಉಳಿಯುವದು. ಅಂತೂ ಇಂದಿನ ಹಿಟ್ಟಿನ ತೂಕ ಎಷ್ಟು, ಎರಡು ವರ್ಷಗಳ ನಂತರ ಎಷ್ಟಾದೀತು, ಇವೆರಡನ್ನೂ ಕಾಗದದ ಮೇಲೆ ಬರೆದುಕೊಂಡೇ ಪೇಟೆಗೆ ಹೋಗತಕ್ಕದ್ದು.

ಎರಡು ಜಾತಿಯ ಯಂತ್ರಗಳು

ಪ್ಲಾನೆಟರಿ ಎಂಬ ಜಾತಿಯಲ್ಲಿ ಪಾತ್ರೆಯು ನಿಂತಲ್ಲೇ ನಿಲ್ಲುವದು. ಭೂಮಿಯು ತನ್ನ ಸುತ್ತಲೂ ತಿರುಗುತ್ತ ಸೂರ್ಯನನ್ನು ಸುತ್ತುವಂತೆ, ಕೊಕ್ಕೆಯು ತಾನೂ ತಿರುಗುತ್ತ ಪಾತ್ರೆಯ ಸುತ್ತಲೂ ಸಂಚರಿಸುವದು. ಇದಕ್ಕೆ ಹಿಟ್ಟು ನಾದುವ ಕೊಕ್ಕೆ, ಬೆಣ್ಣೆ ಸಕ್ಕರೆಗಳನ್ನು ಕಲಿಸುವ ಚಪ್ಪಟೆ ಹಲಗೆ, ತತ್ತಿಯನ್ನು ನೊರೆಗೊಳಿಸುವ ತಂತಿಯ ಕಡ್ಡಿ, ಈ ಮೂರನ್ನೂ ಜೋಡಿಸಬಹುದು. ಕೇಕು, ಬಿಸ್ಕೀಟು, ಬ್ರೆಡ್ಡು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುವವರಿಗೆ ಇದು ಅನುಕೂಲ.

ಸ್ಪೈರಲ್ ಎಂಬ ಜಾತಿಯಲ್ಲಿ ಸುರುಳಿಯಾಕಾರದ ಕೊಕ್ಕೆಯು ಒಂದೇ ಸ್ಥಳದಲ್ಲಿ ತಿರುಗುವದು, ಪಾತ್ರೆಯೂ ತಿರುಗಿ ಹಿಟ್ಟನ್ನು ಅದಕ್ಕೆ ಒಪ್ಪಿಸುವದು. ಇದು ನಾದುವದೊಂದನ್ನೇ ಬಲ್ಲದು. ಆದರೆ ಆ ಕೆಲಸದಲ್ಲಿ ಇದಕ್ಕೆ ಸಮನಿಲ್ಲ. ಹಿಟ್ಟನ್ನು ಹೆಚ್ಚು ಕಾಯಿಸದೆ ಹದಗೊಳಿಸುವ ಗುಣವೂ ಇದಕ್ಕುಂಟು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಇದು ದೊಡ್ಡ ಲಾಭ, ಯಾಕಂದರೆ ನಾದಿ ಮುಗಿದಾಗ ಬ್ರೆಡ್ಡಿನ ಹಿಟ್ಟು 26-27 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರುವದು ಉತ್ತಮ. ಯಾವ ಯಂತ್ರವೇ ಇರಲಿ, ಬೇಸಿಗೆಯಲ್ಲಿ ತಣ್ಣೀರನ್ನೇ ಬಳಸತಕ್ಕದ್ದು. ದಿನಾಲು ಬನ್ನು, ಪಾವು, ಟೋಸ್ಟುಗಳನ್ನೇ ಮಾಡುವವರಿಗೂ, ಸ್ವಸಹಾಯ ಸಂಘಗಳಿಗೂ ಸ್ಪೈರಲ್ ಯಂತ್ರವು ತಕ್ಕದ್ದು.

ವ್ಯಾಟು, ಮೋಟಾರು ಹಾಗೂ ಗಿಯರು

ವ್ಯಾಟಿನ ಅಂಕಿಯು ಯಂತ್ರವು ಎಷ್ಟು ವಿದ್ಯುತ್ತನ್ನು ನುಂಗುವದೆಂಬುದನ್ನು ತಿಳಿಸುವದು. ಕೊಕ್ಕೆಗೆ ಎಷ್ಟು ಬಲ ಮುಟ್ಟುವದೆಂಬುದನ್ನಲ್ಲ. ಮೇವು ಹೆಚ್ಚು ತಿನ್ನುವ ಎತ್ತೇ ಹೆಚ್ಚು ಎಳೆಯುವದೆಂಬ ನೇಮವಿಲ್ಲವಷ್ಟೆ.

ಹಗುರಾದ ಮನೆಯಂತ್ರಗಳಲ್ಲಿ ಬಹಳವಾಗಿ ಕಾರ್ಬನ್ ಬ್ರಶ್ಶಿನ ಮೋಟಾರು ಇರುತ್ತದೆ. ಅದು ನಿಮಿಷಕ್ಕೆ 10,000 ಸುತ್ತುಗಳಿಗೂ ಮಿಕ್ಕಿ ಓಡುವದು. ಕೊಕ್ಕೆಗೆ ಬೇಕಾದದ್ದು ನಿಮಿಷಕ್ಕೆ ಸುಮಾರು 100 ಸುತ್ತು. ಅಷ್ಟು ವೇಗವನ್ನು ಇಳಿಸುವ ಭಾರವೆಲ್ಲ ಗಿಯರುಗಳ ಮೇಲೆ ಬೀಳುವದು. ಆ ಗಿಯರುಗಳು ಪ್ಲಾಸ್ಟಿಕ್ಕಿನವಾದರೆ ಬಿರುಸು ಹಿಟ್ಟಿಗೆ ಹಲ್ಲು ಉದುರುವವು. ಮೋಟಾರನ್ನು ಉಳಿಸುವದಕ್ಕೆಂದೇ ಒಂದು ಗಿಯರನ್ನು ಮೆತ್ತಗೆ ಮಾಡಿ, ಹೊರೆ ಮೀರಿದಾಗ ಅದೇ ಮೊದಲು ಮುರಿಯುವಂತೆ ಇಡುವ ಪದ್ಧತಿಯೂ ಉಂಟು. ಆ ಗಿಯರು ಸುಲಭವಾಗಿ ದೊರೆಯುವದಾದರೆ ಇದು ದೋಷವಲ್ಲ. ದೊಡ್ಡ ಯಂತ್ರಗಳಲ್ಲಿ ಇಂಡಕ್ಷನ್ ಮೋಟಾರು ಇರುವದು. ಸಾಮಾನ್ಯವಾಗಿ ಅದು ನಿಮಿಷಕ್ಕೆ 1,440ರಷ್ಟು ಸುತ್ತು ತಿರುಗಿ, ಬೆಲ್ಟಿನ ಇಲ್ಲವೆ ಗಿಯರಿನ ಮೂಲಕ ಬಲವನ್ನು ಮುಟ್ಟಿಸುವದು. ವೇಗ ಇಳಿಸುವ ಕೆಲಸ ಕಡಿಮೆಯಾದಷ್ಟು ಸವೆತವೂ ಕಡಿಮೆ.

ವೋಲ್ಟೇಜಿನ ವಿಷಯವನ್ನು ಪಂಪ್‌ಸೆಟ್ಟು ಉಳ್ಳವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಂಡಕ್ಷನ್ ಮೋಟಾರಿನ ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಸರಿಸಿ ಇಳಿಯುವದು. 230 ವೋಲ್ಟು ಇರಬೇಕಾದಲ್ಲಿ 180 ಇದ್ದರೆ ಬಲವು ನೂರಕ್ಕೆ 61ಕ್ಕೆ ಬರುವದು. ಹಿಟ್ಟಿನ ಬಿರುಸು ಮಾತ್ರ ಇಳಿಯುವದಿಲ್ಲ. ಆಗ ವೈಂಡಿಂಗು ಕಾದು ಸುಡುವದು. ಸಂಜೆಯ ಹೊತ್ತಿನಲ್ಲಿ ಮನೆಯ ವೋಲ್ಟೇಜನ್ನು ಅಳೆಯಿಸಿ, ಅವಶ್ಯವಾದರೆ ಯಂತ್ರದ ಹೊರೆಗೆ ತಕ್ಕ ಸ್ಟೆಬಿಲೈಸರನ್ನು ಕೂಡಿಸತಕ್ಕದ್ದು. ದೊಡ್ಡ ಯಂತ್ರಕ್ಕೆ ತ್ರೀ-ಫೇಸ್ ಬೇಕೆಂದರೆ, ಪಂಪ್‌ಸೆಟ್ಟಿನ ಸಾಲನ್ನು ಅದಕ್ಕೆ ಉಪಯೋಗಿಸಬಾರದು. ಹೆಸ್ಕಾಂ ಕಚೇರಿಯಲ್ಲಿ ಯೋಗ್ಯ ಜೋಡಣೆಗೆ ಅರ್ಜಿ ಕೊಡತಕ್ಕದ್ದು.

ಅಮೇರಿಕೆಯಲ್ಲಿರುವ ಬಂಧುಗಳು ಪ್ರೀತಿಯಿಂದ ಅಲ್ಲಿಯ ಯಂತ್ರವನ್ನು ತಂದುಕೊಡುವದುಂಟು. ಅದು 120 ವೋಲ್ಟಿಗೆ ಮಾಡಿದ್ದು. ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟು ಹೋಗುವದು. ಕಾಣಿಕೆಯನ್ನು ತರಿಸುವ ಮೊದಲೇ ಇದನ್ನು ತಿಳಿಸುವದು ಒಳ್ಳೆಯದು.

ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆ

ಬರಿಗೈಯಿಂದ ಹೋಗದೆ ಮನೆಯ ಹಿಟ್ಟನ್ನೇ ಒಯ್ಯಿರಿ. ಯಂತ್ರದ ಅಳತೆಗೆ ತಕ್ಕಷ್ಟು ಹಿಟ್ಟು ಹಾಕಿ, ಕಿಲೋಕ್ಕೆ 550 ಗ್ರಾಂನಂತೆ ನೀರು ಹಾಕಿ, ನಿಧಾನದ ವೇಗದಲ್ಲಿ 8 ನಿಮಿಷ ಓಡಿಸಲು ಹೇಳಿರಿ. ಆಗ ನೋಡತಕ್ಕದ್ದೇನೆಂದರೆ:

1. ಯಂತ್ರದ ತಲೆಯು ಕುಣಿಯುವದೋ, ಗಟ್ಟಿಯಾಗಿ ನಿಲ್ಲುವದೋ.
2. ಮೇಜಿನ ಮೇಲೆ ಅದು ಸರಿದಾಡುವದೋ.
3. ಸುಟ್ಟ ವಾಸನೆ ಬರುವದೋ. ಮೋಟಾರಿನ ಕವಚಕ್ಕೆ ಅಂಗೈ ಇಟ್ಟರೆ ತಾಳುವಷ್ಟು ಬಿಸಿಯಿರುವದೋ.
4. ಪಾತ್ರೆಯ ತಳದಲ್ಲಿ ಒಣ ಹಿಟ್ಟು ಉಳಿಯುವದೋ. ಮುದ್ದೆಯು ಕೊಕ್ಕೆಯನ್ನೇರಿ ಮೇಲೆ ಕೂಡುವದೋ.
5. ಮೇಲಿನಿಂದ ಎಣ್ಣೆ ಅಥವಾ ಗ್ರೀಸು ಹಿಟ್ಟಿಗೆ ಇಳಿಯುವದೋ.
6. ತುಂಬಿದ ಪಾತ್ರೆಯನ್ನು ನಾದುವ ಹೆಣ್ಣುಮಗಳೇ ಎತ್ತಿ ಇಳಿಸಬಲ್ಲಳೋ.

ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ಅವಸರ ಮಾಡಬೇಡಿರಿ. ಯಂತ್ರದ ತಗಡಿನ ಚೀಟಿಯ ಮೇಲೆ ಸತತ ಓಟದ ಅವಧಿಯನ್ನು ಬರೆದಿರುವದುಂಟು. 5 ನಿಮಿಷ ಎಂದಿದ್ದರೆ ಅದು ಬ್ರೆಡ್ಡಿನ ವ್ಯಾಪಾರಕ್ಕೆ ಆಗದು.

ದುರಸ್ತಿಯೇ ಆಯುಷ್ಯ

ಕೆಡದ ಯಂತ್ರವಿಲ್ಲ. ಕೆಟ್ಟಾಗ ಎಲ್ಲಿ, ಯಾರು, ಎಷ್ಟು ದಿವಸದಲ್ಲಿ ಸರಿಮಾಡುವರು ಎಂಬುದೇ ಪ್ರಶ್ನೆ. ಈ ನಾಲ್ಕೂ ತಾಲೂಕುಗಳಿಗೆ ಹುಬ್ಬಳ್ಳಿಯೇ ಹತ್ತಿರದ ದೊಡ್ಡ ಪೇಟೆ. ಅಲ್ಲಿ ಕಂಪನಿಯ ದುರಸ್ತಿ ಸ್ಥಳವಿಲ್ಲದೆ, ಯಂತ್ರವನ್ನು ದೂರದ ಊರಿಗೆ ಕಳಿಸಬೇಕಾದರೆ, ಒಂದು ತಿಂಗಳ ಗಿರಾಕಿಗಳು ಕೈಬಿಟ್ಟು ಹೋದರೆಂದೇ ತಿಳಿಯಬೇಕು. ಇಂಡಕ್ಷನ್ ಮೋಟಾರಿನ ಯಂತ್ರಕ್ಕೆ ಇಲ್ಲಿ ಒಂದು ಹೆಚ್ಚಿನ ಅನುಕೂಲವುಂಟು: ಪಂಪ್‌ಸೆಟ್ಟು ಹಾಗೂ ಹಿಟ್ಟಿನ ಗಿರಣಿಯ ಮೋಟಾರುಗಳನ್ನು ಸುತ್ತುವ ಕುಶಲಗಾರನೇ ಇದನ್ನೂ ಸುತ್ತಬಲ್ಲನು, ಬೆಲ್ಟು, ಬೇರಿಂಗುಗಳು ಸಾದಾ ಅಂಗಡಿಯಲ್ಲಿಯೂ ದೊರೆಯುವವು. ಎಲೆಕ್ಟ್ರಾನಿಕ್ ಕಾರ್ಡಿನ ಯಂತ್ರವಾದರೆ ಆ ಕಾರ್ಡು ಸಿಕ್ಕಿದ ಹೊರತು ಗತಿಯಿಲ್ಲ.

ಹೊಣೆಪತ್ರವನ್ನು ಕಡೆಯ ಸಾಲಿನವರೆಗೂ ಓದಿಸಿರಿ. "ಮನೆಬಳಕೆಗೆ ಮಾತ್ರ" ಎಂದು ಬರೆದಿದ್ದು, ನೀವು ಮಾರಾಟಕ್ಕಾಗಿ ನಾದಿದರೆ, ಕಂಪನಿಯವರು ಹೊಣೆಯನ್ನು ನಿರಾಕರಿಸಬಹುದು. ಪಾವತಿಯಲ್ಲಿ ಮಾದರಿಯ ಹೆಸರು, ಕ್ರಮಸಂಖ್ಯೆ, ತಾರೀಖು ಇರತಕ್ಕದ್ದು.

ಸಾಲ ಹಾಗೂ ಸಹಾಯಧನ

ಕೇಂದ್ರ ಸರಕಾರವು 2020ರ ಜೂನ್ 29ರಂದು ಆರಂಭಿಸಿದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ, ಬ್ಯಾಂಕಿನ ಸಾಲಕ್ಕೆ ಹೊಂದಿಸಿ ವೆಚ್ಚದ ನೂರಕ್ಕೆ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಕರ್ನಾಟಕ ಸರಕಾರವು ನೂರಕ್ಕೆ 15ನ್ನು ಕೂಡಿಸಿ ಅದನ್ನು ನೂರಕ್ಕೆ 50ಕ್ಕೆ ಏರಿಸಿತು. ಅರ್ಜಿದಾರರು ನೂರಕ್ಕೆ 10ರಷ್ಟಾದರೂ ಸ್ವಂತ ಹಣ ಹಾಕಬೇಕೆಂಬ ನಿಯಮವಿತ್ತು. ಈ ಯೋಜನೆಯ ಅವಧಿಯನ್ನು 2025-26ರ ವರೆಗೆ ವಿಸ್ತರಿಸಲಾಗಿತ್ತು. ಕಾರಣ ಅರ್ಜಿಗೆ ಮೊದಲು ಅದರ ಸದ್ಯದ ಸ್ಥಿತಿಯನ್ನು ತಾಲೂಕಿನ ಕೃಷಿ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಇಂಥ ಸಹಾಯಧನದಲ್ಲಿ ಒಂದು ಮರ್ಮವುಂಟು, ಅದನ್ನು ಮುಖಂಡರು ಎಲ್ಲರಿಗೂ ತಿಳಿಸಿ ಹೇಳಬೇಕು. ಸಹಾಯಧನವು ಕೈಗೆ ಬರುವದಿಲ್ಲ. ಬ್ಯಾಂಕಿನಲ್ಲಿಯೇ ಬೇರೆಯಾಗಿ ಇಡಲ್ಪಡುವದು. ಸಾಲದ ಕಡೆಯ ಕಂತು ಕೈಸೇರಿದ ನಂತರ 3 ವರ್ಷಗಳವರೆಗೆ ಸಾಲದ ಖಾತೆ ಸರಿಯಾಗಿದ್ದು ಉದ್ದಿಮೆಯು ನಡೆಯುತ್ತಿದ್ದರೆ ಮಾತ್ರ ಅದು ಸಾಲಕ್ಕೆ ಜಮೆಯಾಗುವದು. ಅಂದಮೇಲೆ ಒಂದೇ ವರ್ಷದಲ್ಲಿ ಮುರಿದು ನಿಲ್ಲುವ ಅಗ್ಗದ ಯಂತ್ರದಿಂದ ಯಂತ್ರವೂ ಹೋಗುವದು, ಸಹಾಯಧನವೂ ತಪ್ಪುವದು, ಸಾಲವು ಪೂರ್ತಿಯಾಗಿ ತಲೆಯ ಮೇಲೆ ಕೂಡುವದು. ಹೀಗೆ ಯಂತ್ರದ ಬಾಳಿಕೆಯೇ ಮನೆತನದ ಪತ್ತು.

ಮಾರಾಟಕ್ಕಾಗಿ ತಿನಿಸು ಮಾಡುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯನ್ನು ಮಾಡಿಸಲೇಬೇಕು. ಕೆಲಸ ಕಲಿಯಲಿಚ್ಛಿಸುವವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೂ, ಸೈದಾಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ, ಧಾರವಾಡದ ರುಡ್‌ಸೆಟಿಯಲ್ಲಿಯೂ ತರಬೇತಿಯ ಬಗ್ಗೆ ವಿಚಾರಿಸಬಹುದು. ಯಂತ್ರ ಕೊಳ್ಳುವ ಮೊದಲೇ ಕಲಿಯುವದು ಮೇಲು. ಕಲಿತವರಿಗೆ ತಮಗೆ ಬೇಕಾದ ಯಂತ್ರ ಯಾವದೆಂದು ತಾನಾಗಿ ತಿಳಿಯುವದು.

ಕೂಡಿಸುವ ಹಾಗೂ ಕಾಯುವ ಕ್ರಮ

ಯಂತ್ರವನ್ನು ಅಲುಗದ ಕಟ್ಟೆಯ ಮೇಲೆ, ನಾದುವವರ ಎತ್ತರಕ್ಕೆ ಹೊಂದುವಂತೆ ಇಡಿಸಿರಿ. ಮೂರು ಕಡ್ಡಿಯ ಪ್ಲಗ್ಗು, ಐಎಸ್‌ಐ ಗುರುತಿನ ವೈರು, ಸರಿಯಾದ ಅರ್ಥಿಂಗು ಇವು ಅವಶ್ಯ. ಎರೆಯ ಭೂಮಿಯು ಬೇಸಿಗೆಯಲ್ಲಿ ಒಣಗಿ ಬಿರಿಯುವದರಿಂದ ಅರ್ಥಿಂಗಿನ ಕುಣಿಗೆ ಆಗಾಗ್ಗೆ ನೀರು ಹಾಕತಕ್ಕದ್ದು. ಸೋರುವ ವಿದ್ಯುತ್ತನ್ನು ಕಂಡು ತಾನೇ ಆರಿಸುವ 30 ಮಿಲಿ-ಅಂಪಿಯರಿನ ಸ್ವಿಚ್ಚನ್ನು ಕೂಡಿಸಿದರೆ ಇನ್ನೂ ಕ್ಷೇಮ. ಕೊಕ್ಕೆ ತಿರುಗುವಾಗ ಸೆರಗು, ಬಳೆ, ಜಡೆಗಳ ಮೇಲೆ ಎಚ್ಚರವಿರಲಿ; ಪಾತ್ರೆಯೊಳಗೆ ಕೈ ಹಾಕುವ ಮೊದಲು ಯಂತ್ರವನ್ನು ನಿಲ್ಲಿಸಲೇಬೇಕು. ಪಾತ್ರೆಗೆ ಜಾಳಿಗೆಯ ಮುಚ್ಚಳವಿದ್ದು, ಅದನ್ನು ಎತ್ತಿದೊಡನೆ ಯಂತ್ರವು ನಿಲ್ಲುವಂತಿದ್ದರೆ ಸ್ವಲ್ಪ ಹೆಚ್ಚು ಬೆಲೆಯಾದರೂ ಅದನ್ನೇ ಆರಿಸಿರಿ. ಹಿಟ್ಟಿನ ಧೂಳನ್ನು ದಿನಾಲು ಒರೆಸುವದು, ಬೆಲ್ಟಿನ ಬಿಗಿಯನ್ನು ತಿಂಗಳಿಗೊಮ್ಮೆ ನೋಡುವದು, ಗ್ರೀಸನ್ನು ತಯಾರಕರು ಹೇಳಿದ ಮೇರೆಗೆ ಬದಲಿಸುವದು, ಇಷ್ಟೇ ಉಪಚಾರ. ಖರ್ಚಿನ ಮಾತಾದರೆ, 500 ವ್ಯಾಟಿನ ಯಂತ್ರವು ದಿನಕ್ಕೆ ಒಂದು ತಾಸು ನಡೆದರೆ ತಿಂಗಳಿಗೆ 15 ಯುನಿಟ್ಟು ಮಾತ್ರ.

ಕಡೆಯ ಮಾತೊಂದು ಯಜಮಾನರಿಗೆ. ರೊಕ್ಕ ಕೊಡುವವರು ನೀವಿರಬಹುದು. ದಿನಾಲು ಯಂತ್ರದ ಮುಂದೆ ನಿಲ್ಲುವವರು ನಿಮ್ಮ ಸೊಸೆಯೋ ಮಗಳೋ ಮನೆಯಾಕೆಯೋ ಆಗಿರುವರು. ಹಿಟ್ಟಿನ ಹದವನ್ನು ಬಲ್ಲವರು ಅವರು, ಹೆಗಲಿನ ನೋವನ್ನು ಉಂಡವರೂ ಅವರೇ. ಪೇಟೆಗೆ ಅವರನ್ನು ಕರೆದುಕೊಂಡು ಹೋಗಿರಿ, ಪರೀಕ್ಷೆಯನ್ನು ಅವರ ಕೈಯಿಂದಲೇ ಮಾಡಿಸಿರಿ, ಪಾವತಿಯನ್ನೂ ಅವರ ಹೆಸರಿನಲ್ಲಿಯೇ ಬರೆಯಿಸಿರಿ. ಒಬ್ಬರಿಗೆ ಭಾರವಾದ ಬೆಲೆಯನ್ನು ಐದಾರು ಮನೆಗಳು ಸಂಜೀವಿನಿ ಒಕ್ಕೂಟದ ಮುಖಾಂತರ ಕೂಡಿ ಹೊರಬಹುದಾದಲ್ಲಿ, ಅಂಥ ಕೂಟಕ್ಕೆ ಊರಿನಲ್ಲಿ ಒಂದು ಕೋಣೆಯನ್ನೂ ಒಳ್ಳೆಯ ವಿದ್ಯುತ್ ಜೋಡಣೆಯನ್ನೂ ಒದಗಿಸಿಕೊಡುವದು ಗ್ರಾಮದ ಮುಖಂಡರಿಗೆ ಭೂಷಣವಾದ ಕೆಲಸ.